ಅಕ್ಕ ಹೊರಗೆ

ಆ ಫೋನು ಬಂದದ್ದು ಹೌದೇ ಎಂದು ನನಗೆ ಖಚಿತವಿಲ್ಲ. ಬಂದದ್ದು ಹೌದಾದರೆ ಎತ್ತಿದ್ದು ನಾನೇ ಎಂಬುದೂ ಖಚಿತವಿಲ್ಲ. ಕಪ್ಪು ರಿಸೀವರಿನ ಭಾರ ನನ್ನ ಕೈಯಲ್ಲಿ ಈಗಲೂ ಇದೆ, ಅದಕ್ಕೆ ಅಂಟಿದ್ದ ಎಲೆಅಡಿಕೆಯ ವಾಸನೆ ಇದೆ, ಆ ಕಡೆಯಿಂದ ಮಾತಾಡಿದ ಗಂಡಸಿನ ಬೆಂಗಳೂರಿನ ಕನ್ನಡ ಇದೆ. ಇಷ್ಟೆಲ್ಲ ಇರುವಾಗ ಇನ್ನೆಂತ ಅನುಮಾನ ಎಂದು ನನ್ನ ಹೆಂಡತಿ ಸುಮತಿ ಕೇಳುತ್ತಾಳೆ. ನಾನು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಓದಿದವನು. ವಿವರಗಳು ಬೇಕಾದ್ದಕ್ಕಿಂತ ಹೆಚ್ಚು ಒದಗಿಬಂದಾಗಲೇ ಸಾಕ್ಷಿಯನ್ನು ಅನುಮಾನಿಸಬೇಕು ಎಂದು ಅಲ್ಲಿ ಕಲಿತೆ. ಕಲಿತು ಉಪಯೋಗವೇನೂ ಆಗಲಿಲ್ಲ. ಸುಳ್ಯದಲ್ಲಿ ನಾಲ್ಕು ವರ್ಷ ಪಾಠ ಹೇಳಿದೆ, ಬಿಟ್ಟೆ. ಪುತ್ತೂರಿನ ಒಂದು ಪತ್ರಿಕೆಯಲ್ಲಿ ಕೆಲಸ ಮಾಡಿದೆ, ಅದನ್ನೂ ಬಿಟ್ಟೆ. ಎಲ್ಲಿ ಹೋಗಿ ಕೂತರೂ ಆ ಮಧ್ಯಾಹ್ನ ಎದುರಿಗೆ ಬಂದು ಕೂರುತ್ತಿತ್ತು. ಆಗ ನನಗೆ ಒಂಬತ್ತೋ ಹತ್ತೋ ವರ್ಷ. ಅಕ್ಕನಿಗೆ ಇಪ್ಪತ್ತೊಂದು. ಅವಳು ಗಗನಯಾತ್ರಿ ಆಗುವವಳಿದ್ದಳು. ಹೀಗೆ ಬರೆಯುವಾಗ ಸ್ವಲ್ಪ ನಾಚಿಕೆಯಾಗುತ್ತದೆ, ಏಕೆಂದರೆ ಅದಕ್ಕೂ ನಮ್ಮ ಮನೆಯವರ ಮಾತು ಬಿಟ್ಟರೆ ಬೇರೆ ಆಧಾರವಿಲ್ಲ.

ನಮ್ಮ ಮನೆ ಸುಬ್ರಹ್ಮಣ್ಯದಲ್ಲಿ, ದೇವಸ್ಥಾನಕ್ಕೆ ಹೋಗುವ ಬೀದಿಯ ಹಿಂದಿನ ಓಣಿಯಲ್ಲಿತ್ತು. ಮನೆ ನಮ್ಮದು, ಅದರ ಒಳ್ಳೆಯ ಭಾಗವೆಲ್ಲ ಪರಸ್ಥಳದವರದು. ಮುಂದಿನ ನಾಲ್ಕು ಕೋಣೆಗಳನ್ನು ಅಪ್ಪ ನಾಗನ ಸೇವೆಗೆ ಬರುವವರಿಗೆ ಕೊಡುತ್ತಿದ್ದರು. ಪೇಟೆಯಲ್ಲಿ ಲಾಡ್ಜುಗಳಿದ್ದವು, ಆದರೆ ಮಡಿ ನೋಡುವವರು ಅಲ್ಲಿಗೆ ಹೋಗದೆ ನಮ್ಮಲ್ಲಿಗೆ ಬರುತ್ತಿದ್ದರು. ‘ಆ ಮನೆಯಲ್ಲಿ ಶುದ್ಧ ಉಂಟು’ ಎಂದು ಊರಿಂದ ಊರಿಗೆ ಹೋದ ಒಂದು ಮಾತಿನ ಮೇಲೆ ನಮ್ಮ ಅನ್ನ ನಿಂತಿತ್ತು. ಕೋಣೆಗಳ ನಡುವೆ ಉದ್ದನೆಯ ಚಾವಡಿ. ಬಂದವರಿಗೆ ಅಲ್ಲೇ ಸಾಲಾಗಿ ಎಲೆ ಹಾಕಿ ಬಡಿಸುವುದು. ಸೇವೆಗೆ ಕೂತವರು ಮಾತಾಡದೆ ಉಣ್ಣುತ್ತಿದ್ದರು. ಇಪ್ಪತ್ತು ಜನ ಒಟ್ಟಿಗೆ ಉಂಡರೂ ಸಾರು ಸುರಿಯುವ ಸದ್ದು ಬಿಟ್ಟು ಬೇರೆ ಇಲ್ಲ. ಅವರದು ಮುಗಿದ ಮೇಲೆ ನಾವು ಅಡುಗೆಮನೆಯಲ್ಲಿ ಉಳಿದ ಸಾರಿಗೆ ಒಂದಿಷ್ಟು ಬಿಸಿನೀರು ಸೇರಿಸಿಕೊಂಡು ಉಣ್ಣುತ್ತಿದ್ದೆವು. ಚಾವಡಿಯ ಹಿಂದಿನ ಗೋಡೆಗೆ ತಾಗಿ ಒಂದು ಸಣ್ಣ ಮೇಜು, ಅದರ ಮೇಲೆ ಫೋನು. ಕೋಣೆ ಕೇಳುವವರಿಗಾಗಿ ಹಾಕಿಸಿದ್ದು. ಅದು ಬಡಿದುಕೊಂಡಾಗ ಅಪ್ಪ, ಅಮ್ಮ ಇಬ್ಬರ ಕೈಯಲ್ಲೂ ಸೌಟು ಇರುತ್ತಿದ್ದುದರಿಂದ ಎತ್ತುವ ಕೆಲಸ ನನ್ನದಾಗಿತ್ತು. ಮೂರು ಮಾತು ಕಲಿಸಿದ್ದರು: ಯಾವ ತಾರೀಕಿಗೆ, ಎಷ್ಟು ಜನ, ಕೋಣೆ ಉಂಟು. ಇಲ್ಲದಿದ್ದರೆ ಕೋಣೆ ಇಲ್ಲ. ನಾಲ್ಕನೆಯ ಮಾತು ನನಗೆ ಬರುತ್ತಿರಲಿಲ್ಲ.

ಮನೆಯಲ್ಲಿ ಇನ್ನೊಂದು ಕೋಣೆಯಿತ್ತು. ಹೊರಗಿನ ಕೋಣೆ. ತಿಂಗಳಿಗೆ ಮೂರು ದಿನ ಅಮ್ಮನೋ ಅಕ್ಕನೋ ಅಲ್ಲಿರುತ್ತಿದ್ದರು, ನಾಲ್ಕನೆಯ ದಿನ ಬೆಳಿಗ್ಗೆ ಮಿಂದು ಒಳಗೆ ಬರುತ್ತಿದ್ದರು. ಆ ಮೂರು ದಿನ ಅವರು ಹೊರಗೆ. ‘ಅಮ್ಮ ಎಲ್ಲಿ?’ ಎಂದರೆ ‘ಹೊರಗೆ’, ಅಷ್ಟೇ. ಆ ಶಬ್ದಕ್ಕೆ ಇನ್ನೊಂದು ಅರ್ಥ ಇದೆ ಎಂಬುದನ್ನೇ ನಾನು ಮರೆತಿದ್ದೆ. ಯಾರಾದರೂ ಪೇಟೆಗೆ ಹೋದರೆ ‘ಪೇಟೆಗೆ ಹೋಗಿದ್ದಾರೆ’ ಎನ್ನುತ್ತಿದ್ದೆವೇ ಹೊರತು ಹೊರಗೆ ಹೋಗಿದ್ದಾರೆ ಎನ್ನುತ್ತಿರಲಿಲ್ಲ. ಹೊರಗಿನ ಕೋಣೆ ತುಂಬ ದೂರ ಎಂದು ನನ್ನ ನೆನಪು. ಚಾವಡಿಯಿಂದ ಅಡುಗೆಮನೆ ದಾಟಬೇಕು, ಹಿಂಬಾಗಿಲಿನಿಂದ ಇಳಿಯಬೇಕು, ಬಾವಿಕಟ್ಟೆ ಬಳಸಿ, ಬಚ್ಚಲುಕೊಟ್ಟಿಗೆ ಬಳಸಿ, ಸೌದೆ ರಾಶಿಯ ಮೂಲೆಯಲ್ಲಿ ತಿರುಗಬೇಕು. ಮಳೆಗಾಲದಲ್ಲಿ ಅಲ್ಲಿಗೆ ಎಲೆಯಲ್ಲಿ ಊಟ ತೆಗೆದುಕೊಂಡು ಹೋಗುವಷ್ಟರಲ್ಲಿ ಅನ್ನ ತಣಿದಿರುತ್ತಿತ್ತು. ಎಲೆಯನ್ನು ಹೊಸ್ತಿಲ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುವುದು, ಆಮೇಲೆ ಅವಳು ಮುಂದೆ ಬಂದು ಎತ್ತಿಕೊಳ್ಳುವುದು.

ಅಕ್ಕ ಪುತ್ತೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮುಗಿಸಿ ಬಂದಿದ್ದಳು. ವಾರಿಜಾ ಅಂತ ಹೆಸರು. ಹಾಸ್ಟೆಲಿನಲ್ಲಿ ಮೂರು ವರ್ಷ ಎಲ್ಲರಂತೆ ಒಳಗೇ ಇದ್ದವಳು ಮನೆಗೆ ಬಂದು ಮತ್ತೆ ಹೊರಗಿನವಳಾದಾಗ ಅತ್ತಳೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಅವಳು ಅದನ್ನು ಆಟ ಮಾಡಿಕೊಂಡದ್ದು. ಹೊರಗಿನ ಕೋಣೆ ಅವಳ ನೌಕೆ. ನಾನು ಭೂಮಿ. ಒಳಗೆ ಅವಳು ಚಾಪೆಯ ಮೇಲೆ ಮಲಗಿ ಕಾಲುಗಳನ್ನು ಗೋಡೆಗೆ ಏರಿಸಿ ತಲೆ ಕೆಳಗೆ ಮಾಡಿರುತ್ತಿದ್ದಳು, ಮೇಲೆ ಹೋದವರ ರಕ್ತವೆಲ್ಲ ತಲೆಗೆ ಏರುತ್ತದಂತೆ, ಅದಕ್ಕೆ ಅಭ್ಯಾಸ ಬೇಕಂತೆ. ಮಾಡಿನ ಅಡ್ಡಕ್ಕೆ ಹಗ್ಗ ಕಟ್ಟಿ, ಅದನ್ನು ಹೊಸೆದು ಹೊಸೆದು, ಜೋತುಕೊಂಡು ಗಿರಗಿರ ತಿರುಗುತ್ತಿದ್ದಳು. ಇಳಿದ ಮೇಲೆ ಗೋಡೆಯ ಮೇಲೆ ಇದ್ದಿಲಲ್ಲಿ ಏನೋ ಬರೆಯುತ್ತಿದ್ದಳು. ನಾನು ಊಟದ ಎಲೆ ಇಟ್ಟು ಹಿಂದೆ ಸರಿದರೆ ಒಳಗಿನಿಂದ ಮೂಗು ಹಿಡಿದುಕೊಂಡಂಥ ಸ್ವರ ಬರುತ್ತಿತ್ತು.

“ಭೂಮಿ, ಭೂಮಿ, ಕೇಳ್ತದಾ?”

“ಕೇಳ್ತದೆ.”

“ಇವತ್ತು ಎಂತ ಸಾರು?”

“ಬಸಳೆ.”

“ಪುನಾ ಬಸಳೆಯಾ! ನೌಕೆ ವಾಪಸ್ ಬರುದಿಲ್ಲ ಅಂತ ಅಮ್ಮನಿಗೆ ಹೇಳು ಮಾಣಿ.”

ಕೆಲವೊಮ್ಮೆ ಅವಳು ಚಾವಡಿಯವರ ಸುದ್ದಿ ಹೇಳುತ್ತಿದ್ದಳು. ಮೂರನೆಯ ಕೋಣೆಯ ಸೊಸೆ ಅತ್ತೆಗೆ ತಿಳಿಯದಂತೆ ಗಂಡನಿಗೆ ಬೈದಳಂತೆ, ಶಿವಮೊಗ್ಗದಿಂದ ಬಂದ ಮುದುಕರಿಗೆ ನಾಗದೋಷ ಇಲ್ಲವಂತೆ, ಹೆಂಡತಿಯ ಕಾಟ ತಡೆಯದೆ ಬಂದದ್ದಂತೆ. ನಾನು ನಗುತ್ತಿದ್ದೆ. ಮೂರು ದಿನ ಹೊರಗೆ ಕೂತವಳಿಗೆ ಹೊತ್ತು ಹೋಗದೆ ಕತೆ ಕಟ್ಟುತ್ತಾಳೆ ಎಂದುಕೊಂಡಿದ್ದೆ.

ಪತ್ರಿಕೆಯ ಪ್ರಕಟಣೆಯ ವಿಷಯಕ್ಕೆ ನಡೆದ ಜಗಳ ನನಗೆ ಚೆನ್ನಾಗಿ ನೆನಪಿದೆ, ಅಂದರೆ ಬೇರೆಯವರೂ ಅದನ್ನೇ ಹೇಳುವಷ್ಟರ ಮಟ್ಟಿಗೆ. ಚಾವಡಿಯಲ್ಲಿ ಹಾಸನದ ಕಡೆಯ ಒಂದು ಕುಟುಂಬವಿತ್ತು. ಅವರ ಯಜಮಾನರಿಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದುವ ಅಭ್ಯಾಸ. ಬೆಂಗಳೂರಿನ ಒಂದು ಸಂಸ್ಥೆಗೆ ವಿಜ್ಞಾನ ಓದಿದ ಹೆಣ್ಣುಮಕ್ಕಳು ಬೇಕು, ಬಾಹ್ಯಾಕಾಶದಲ್ಲಿ ಶರೀರ ಹೇಗೆ ತಾಳುತ್ತದೆ ಎಂಬ ಪರೀಕ್ಷೆಗಳಿಗೆ ಒಳಪಡಬೇಕು, ತೇರ್ಗಡೆಯಾದವರನ್ನು ಮುಂದೆ ಯಾನದ ತರಬೇತಿಗೂ ಪರಿಗಣಿಸಬಹುದು ಎಂದು ಅವರು ಓದಿ, “ಹೆಂಗಸರನ್ನೂ ಬಿಡೋದಿಲ್ವಲ್ರೀ ಇವರು” ಎಂದು ನಕ್ಕರು. ಸ್ವಲ್ಪ ಹೊತ್ತಿಗೆ ಅಕ್ಕ ಚಾವಡಿಯಲ್ಲಿದ್ದಳು. ಅವಳು ಹೊರಗಾಗಿ ಎರಡನೆಯ ದಿನ. ನೇರ ಬಂದು ಅವರ ಪಕ್ಕದಲ್ಲಿದ್ದ ಪತ್ರಿಕೆಯನ್ನು ಎತ್ತಿಕೊಂಡು ಹಿಂದೆ ತಿರುಗಿದಳು. ಮನೆಯವರು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಮ್ಮ ಅಜ್ಜಿ ಬೊಬ್ಬೆ ಹೊಡೆದಳು.

“ಅಯ್ಯೋ ಹೆಣ್ಣೇ, ಹೊರಗಿನವಳು ಒಳಗೆ ಬಂದಳಲ್ಲಾ!”

ಹಾಸನದವರು ಅರ್ಧ ಗಂಟೆಯಲ್ಲಿ ಪೆಟ್ಟಿಗೆ ಕಟ್ಟಿದರು. ಅಪ್ಪ ಬಸ್ಸಿನವರೆಗೂ ಅವರ ಹಿಂದೆಯೇ ಕೈಮುಗಿದುಕೊಂಡು ಹೋದರು. ಅಮ್ಮ ಇಡೀ ಚಾವಡಿಗೆ ಸೆಗಣಿನೀರು ಹಾಕಿ ತೊಳೆದಳು. ಆಮೇಲೆ ಹಿಂದೆ ಹೋಗಿ ಹೊರಗಿನ ಕೋಣೆಯ ಹೊಸ್ತಿಲಿನಿಂದ ಎರಡು ಹೆಜ್ಜೆ ಈಚೆ ನಿಂತಳು. ನಾನು ಸೌದೆ ರಾಶಿಯ ಹತ್ತಿರ ಇದ್ದೆ.

“ಇವತ್ತು ಇವರು ಹೋದ್ರು. ನಾಳೆ ಊರಿಡೀ ಹೇಳ್ತಾರೆ. ಆಮೇಲೆ ನಾವು ಎಂತ ತಿನ್ನುದು? ನಿನ್ನ ಪೇಪರಾ?”

“ಅಮ್ಮ, ಅದರಲ್ಲಿ ನಂಗೆ ಬೇಕಾದ್ದು ಇತ್ತು.”

“ನಾಳ್ದು ಮಿಂದ ಮೇಲೆ ಓದ್ಲಿಕ್ಕೆ ಆಗ್ತಿರ್ಲಿಲ್ವಾ?”

“ನಾಳ್ದಿಗೆ ಅವರು ಪೇಪರು ತಕ್ಕೊಂಡು ಹೋಗ್ತಿದ್ರು.”

“ನನ್ನ ತಲೆ ಮುಟ್ಟಿ ಆಣೆ ಮಾಡು. ಹೊರಗಿರುವಾಗ ಇನ್ನು ಈ ಜನ್ಮದಲ್ಲಿ ಚಾವಡಿಗೆ ಕಾಲಿಡುದಿಲ್ಲ ಅಂತ.”

ಅಕ್ಕ ಕೈ ಎತ್ತಿದಳು. ಅಮ್ಮ ತಲೆ ಬಗ್ಗಿಸಿದಳು. ಆಗ ಇಬ್ಬರಿಗೂ ಒಟ್ಟಿಗೇ ಹೊಳೆಯಿತು, ಮುಟ್ಟುವಂತಿಲ್ಲ. ಅಕ್ಕನ ಕೈ ಅಮ್ಮನ ತಲೆಯ ಮೇಲೆ, ಒಂದು ಗೇಣು ಎತ್ತರದಲ್ಲಿ, ಗಾಳಿಯಲ್ಲಿ ನಿಂತಿತು.

“ಮುಟ್ಟದೆ ಮಾಡಿದ ಆಣೆ ಆಣೆ ಆಗ್ತದಾ ಅಮ್ಮ?”

“ಆಗ್ತದೆ,” ಅಂದಳು ಅಮ್ಮ. “ನಂಗೆ ಆಗ್ತದೆ.”

ಅಕ್ಕ ಅರ್ಜಿ ಹಾಕಿದಳು. ಕರೆಯೂ ಬಂತು, ಕಾಗದದಲ್ಲಿ. ಅಪ್ಪನೇ ಅವಳನ್ನು ಬಸ್ಸಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದರು. ಜಗಳದ ದಿನ ಅವರು ಅಕ್ಕನ ಪರವಾಗಿಯೂ ಮಾತಾಡಿರಲಿಲ್ಲ, ಅಮ್ಮನ ಪರವಾಗಿಯೂ ಮಾತಾಡಿರಲಿಲ್ಲ. ಬಹುಶಃ ಅದಕ್ಕೆ ಇದು ಪ್ರಾಯಶ್ಚಿತ್ತ. ಅಮ್ಮ ದಾರಿಗೆ ಅವಲಕ್ಕಿ, ಕಾಯಿಬೆಲ್ಲ ಕಟ್ಟಿಕೊಟ್ಟಳು. ನಾಲ್ಕನೆಯ ದಿನ ಅವರು ತಿರುಗಿ ಬಂದಾಗ ಅಕ್ಕನಿಗೆ ಮಾತು ನಿಲ್ಲಿಸಲಿಕ್ಕೇ ಆಗುತ್ತಿರಲಿಲ್ಲ. ತಿರುಗುವ ಕುರ್ಚಿಯಲ್ಲಿ ಕೂರಿಸಿದರಂತೆ, ಉಳಿದವರೆಲ್ಲ ವಾಂತಿ ಮಾಡಿದರಂತೆ. ಕತ್ತಲೆಯ ಕೋಣೆಯಲ್ಲಿ ಒಂದು ಹಗಲು, ಒಂದು ರಾತ್ರಿ ಒಬ್ಬಳನ್ನೇ ಇಟ್ಟರಂತೆ. ಬಾಗಿಲು ತೆರೆದಾಗ ಇವಳು ನಿದ್ದೆ ಮಾಡುತ್ತಿದ್ದಳಂತೆ. ಇದು ಹೇಗೆ ಸಾಧ್ಯ ಎಂದು ವೈದ್ಯರು ಕೇಳಿದರಂತೆ.

“ನೀನು ಎಂತ ಹೇಳಿದಿ?” ಅಂದೆ.

“ಅಭ್ಯಾಸ ಉಂಟು ಸಾರ್, ನಮ್ಮನೇಲಿ ತಿಂಗಳಿಗೆ ಮೂರು ದಿನ ಹೀಗೇ ಇಡ್ತಾರೆ ಅಂದೆ. ಅವರಿಗೆ ತಲೆಬುಡ ಗೊತ್ತಾಗ್ಲಿಲ್ಲ. ಬರ್ಕೊಂಡ್ರು.”

ಅಮ್ಮ ಕೂಡ ನಕ್ಕಳು. ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕ ಕೊನೆಯ ದಿನ ಅದು ಎಂದು ಬರೆಯಬೇಕೆನಿಸುತ್ತದೆ. ಅದು ಸುಳ್ಳಿರಬೇಕು, ಆಮೇಲೂ ಎಷ್ಟೋ ಸಲ ನಕ್ಕಿರುತ್ತೇವೆ. ಕೊನೆಯ ಹಂತಕ್ಕೆ ನಾಲ್ಕೈದು ಜನರನ್ನು ಮಾತ್ರ ಕರೆಯುತ್ತಾರೆ, ಹೊತ್ತಿದ್ದರೆ ಕಾಗದ, ಇಲ್ಲದಿದ್ದರೆ ಫೋನು ಎಂದು ಅವಳಿಗೆ ಹೇಳಿದ್ದರಂತೆ. ಅಂದಿನಿಂದ ಫೋನು ಬಡಿದಾಗಲೆಲ್ಲ ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದಳು. ಅಜ್ಜಿಗೆ ಇದು ಯಾವುದೂ ಸರಿಬರಲಿಲ್ಲ. ಅವಳು ನನ್ನನ್ನು ಹತ್ತಿರ ಕೂರಿಸಿಕೊಂಡು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದ್ದು ನನಗೆ ಶಬ್ದಶಃ ನೆನಪಿದೆ ಎನ್ನುವಷ್ಟು ನೆನಪಿದೆ.

“ಮೇಲೆ ಹೋಗುದು ಅಂದ್ರೆ ಎಂತ ಗೊತ್ತುಂಟಾ ಮಾಣಿ? ನಿನ್ನ ಅಜ್ಜ ಹೋದದ್ದು ಮೇಲೆ. ವಾಪಸ್ ಬಂದ್ರಾ?”

ನಾನು ಅಕ್ಕನನ್ನು ಕೇಳಲಿಲ್ಲ. ಕೇಳಿದ್ದರೆ ಅವಳು ನಕ್ಕು, ರಾಕೆಟ್ಟು ಹೇಗೆ ಇಳಿಯುತ್ತದೆ ಎಂದು ಲೋಟವನ್ನೋ ಚೊಂಬನ್ನೋ ಹಿಡಿದು ತೋರಿಸುತ್ತಿದ್ದಳು. ನಾನು ಕೇಳದೆ ಹೆದರಿದೆ. ನೌಕೆ ವಾಪಸ್ ಬರುದಿಲ್ಲ ಎಂದು ಅವಳೇ ಹೇಳಿದ್ದಳಲ್ಲ.

ಇನ್ನು ಆ ಮಧ್ಯಾಹ್ನ. ನಾಲ್ಕೂ ಕೋಣೆಗಳನ್ನು ಒಂದೇ ಕುಟುಂಬ ಹಿಡಿದಿತ್ತು. ಹಾಸನದವರ ಪ್ರಕರಣವಾದ ಮೇಲೆ ತಿಂಗಳುಗಟ್ಟಲೆ ಕೋಣೆಗಳು ಖಾಲಿ ಬಿದ್ದಿದ್ದವು, ದೊಡ್ಡ ಗುಂಪು ಬಂದದ್ದು ಅದೇ ಮೊದಲು. ಅಮ್ಮ ಬೆಳಗಿನಿಂದ ನೀರು ಕುಡಿದಿರಲಿಲ್ಲ. ಅಕ್ಕ ಹೊರಗಾಗಿ ಅದು ಎರಡನೆಯ ದಿನ. ಚಾವಡಿಯಲ್ಲಿ ಎರಡು ಸಾಲು ಎಲೆ, ಯಾರದ್ದೂ ಮಾತಿಲ್ಲ. ಫೋನು ಬಡಿಯಿತು. ಅಪ್ಪ ಸಾರಿನ ಪಾತ್ರೆ ಹಿಡಿದು ನನ್ನ ಕಡೆ ಕಣ್ಣು ಮಾಡಿದರು.

“ವಾರಿಜಾ ಅವರ ಮನೆನಾ? ಅವರನ್ನ ಸ್ವಲ್ಪ ಕರೀತೀಯೇನಪ್ಪ?”

“ಅಕ್ಕ ಹೊರಗೆ.”

“ಯಾವಾಗ ಬರ್ತಾರೆ?”

“ನಾಳ್ದು ಬರುದು.”

“ನಾಡಿದ್ದಾ! ಅಯ್ಯೋ. ನಾಳೆ ಬೆಳಿಗ್ಗೆ ಹತ್ತಕ್ಕೆ ಇಲ್ಲಿರ್ಬೇಕಿತ್ತು. ಹೇಗಾದ್ರೂ ಸುದ್ದಿ ಮುಟ್ಟಿಸೋಕಾಗತ್ತಾ?”

“ಇಲ್ಲ. ಮುಟ್ಟಿಸ್ಲಿಕ್ಕೆ ಆಗುದಿಲ್ಲ.”

“ಸರಿ ಬಿಡಪ್ಪ. ಪಟ್ಟೀಲಿ ಮುಂದಿರೋರನ್ನ ಕರೀತೀವಿ.”

ಇದರಲ್ಲಿ ಆ ‘ಮುಟ್ಟಿಸು’ ಎಂಬ ಮಾತನ್ನು ನಾನು ನಂಬುವುದಿಲ್ಲ. ಅದು ತೀರ ಚೆನ್ನಾಗಿ ಕೂತಿದೆ. ಹತ್ತು ವರ್ಷದವನು ಅಷ್ಟು ಚೆನ್ನಾಗಿ ತಪ್ಪು ಮಾಡಲಾರ. ಓದು ಬಂದ ಮೇಲೆ, ಶಬ್ದಗಳ ಜೊತೆ ಆಡಲು ಕಲಿತ ಮೇಲೆ, ನಾನೇ ಅದನ್ನು ಸೇರಿಸಿಕೊಂಡಿರಬೇಕು. ಆದರೆ ಅದನ್ನು ತೆಗೆದುಹಾಕಿದರೂ ಉಳಿದದ್ದು ಹಾಗೇ ನಿಲ್ಲುತ್ತದೆ. ಹೊರಗೆ ಅಂದದ್ದನ್ನು ಆ ಮನುಷ್ಯ ಬೇರೆ ಊರಿಗೆ ಹೋಗಿದ್ದಾಳೆ ಎಂದುಕೊಂಡ. ನಾನು ಅಂದದ್ದು, ಅವಳು ಮನೆಯ ಹಿಂದೆಯೇ ಇದ್ದಾಳೆ, ಆದರೆ ಬರುವಂತಿಲ್ಲ ಎಂದು. ನನ್ನ ಮಟ್ಟಿಗೆ ನಾನು ಸತ್ಯವನ್ನೇ ಹೇಳಿದ್ದೆ. ರಾತ್ರಿಯ ಬೆಂಗಳೂರು ಬಸ್ಸಿಗೆ ಇನ್ನೂ ಆರು ಗಂಟೆಯಿತ್ತು. ರಿಸೀವರು ಇಟ್ಟ ಮೇಲೆ ನಾನು ಹೇಳಿದ್ದು ಸತ್ಯವಲ್ಲ. ಅಪ್ಪ ಹತ್ತಿರ ಬಂದು ಮೆಲ್ಲಗೆ “ಯಾರದ್ದು?” ಎಂದರು. “ಕೋಣೆ ಕೇಳ್ಲಿಕ್ಕೆ,” ಅಂದೆ. ಯಾಕೆ ಹಾಗೆಂದೆ? ನಾಲ್ಕನೆಯ ಮಾತು ಬರುತ್ತಿರಲಿಲ್ಲ ಎಂದು ಒಂದು ಕಾಲದಲ್ಲಿ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಲ್ಲ. ಅಕ್ಕ ಮೇಲೆ ಹೋಗುವುದು ನನಗೆ ಬೇಡವಾಗಿತ್ತು.

ಪಂಕ್ತಿ ಎದ್ದ ಮೇಲೆ ಅಕ್ಕನಿಗೆ ಊಟ ತೆಗೆದುಕೊಂಡು ಹೋದೆ. ಎಲೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದೆ. ಅವಳು ಮುಂದೆ ಬರಲಿಲ್ಲ. ಒಳಗೆ ಗೋಡೆಗೆ ಒರಗಿ ಕೂತಿದ್ದಳು.

“ಭೂಮಿ, ಭೂಮಿ. ಯಾರದ್ದು ಫೋನು?”

“ಕೋಣೆ ಕೇಳ್ಲಿಕ್ಕೆ.”

“ಹೌದನಾ. ಎಷ್ಟು ಜನ ಅಂತೆ?”

“ಒಬ್ಬರೇ.”

“ಒಬ್ಬರಾದ್ರೆ ಜಾಗ ಕೊಡ್ಬಹುದಿತ್ತಲ್ವಾ ಮಾರಾಯ.”

ಸಂಜೆ ಹೋಗಿ ನೋಡಿದಾಗ ಎಲೆಯಲ್ಲಿ ಅನ್ನ ಹಾಗೇ ಇತ್ತು. ಸಾರಿನ ಮೇಲೆ ಕೆನೆ ಕಟ್ಟಿತ್ತು. ಹಟ್ಟಿಯ ದನಕ್ಕೆ ಹಾಕಿದೆ. ನಾಲ್ಕನೆಯ ದಿನ ಅವಳು ಮಿಂದು, ಒದ್ದೆ ಕೂದಲಿಗೆ ಬೈರಾಸು ಸುತ್ತಿಕೊಂಡು ಬಂದು ಚಾವಡಿಯ ಆ ಮೇಜಿನ ಎದುರು ಕೂತಳು. ಮಧ್ಯಾಹ್ನದವರೆಗೂ ಕೂತಿದ್ದಳು. ಅಮ್ಮ ಕರೆದ ಮೇಲೆ ಎದ್ದು ಹೋಗಿ ಕಾಯಿ ತುರಿದಳು.

ಬೆಂಗಳೂರಿನಿಂದ ಮತ್ತೆ ಏನೂ ಬರಲಿಲ್ಲ. ಎರಡು ವರ್ಷ ಕಳೆದು ಕಡಬದ ಪೇಟೆಯಲ್ಲಿ ಮೆಡಿಕಲ್ ಇಟ್ಟಿದ್ದ ಭಾವನಿಗೆ ಅವಳನ್ನು ಕೊಟ್ಟರು. ಒಳ್ಳೆಯ ಮನುಷ್ಯ. ಅಕ್ಕ ಆ ಅಂಗಡಿಯ ಗಲ್ಲೆಯ ಹಿಂದೆ ಮೂವತ್ತು ವರ್ಷ ನಿಂತಳು. ಇಚಿಲಂಪಾಡಿಯಿಂದ, ಅದರಾಚೆಯಿಂದ ಹೆಣ್ಣುಮಕ್ಕಳು ಬಂದು, ಗಂಡಸರೆಲ್ಲ ಹೋಗಲಿ ಎಂದು ಕಾದು, ಸ್ವರ ತಗ್ಗಿಸಿ ಪ್ಯಾಡು ಕೇಳುತ್ತಿದ್ದರು. ಎಲ್ಲ ಅಂಗಡಿಯವರೂ ಅದನ್ನು ಪೇಪರಿನಲ್ಲಿ ಸುತ್ತಿ ಕಪ್ಪು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿಕೊಡುವುದು ಪದ್ಧತಿ. ಅಕ್ಕ ಸುತ್ತುತ್ತಿರಲಿಲ್ಲ. “ಸುತ್ತುದು ಯಾಕೆ? ಎಂತ ಬಾಂಬಾ? ಹಿಡ್ಕೊಂಡು ಹೋಗು,” ಎಂದು ಎಲ್ಲರ ಎದುರೇ ಕೈಗೆ ಕೊಡುತ್ತಿದ್ದಳು. ಇದರಿಂದ ವ್ಯಾಪಾರ ಕಡಿಮೆಯಾಯಿತು ಎಂದು ಭಾವ ಗೊಣಗುತ್ತಿದ್ದರು. ಆಮೇಲಿನ ಬದುಕಿನಲ್ಲಿ ಅವಳು ಮಾಡಿದ ಸಾಹಸ ಅಷ್ಟೇ. ಅಂಗಡಿಯ ಮೂಲೆಯಲ್ಲಿ ಒಂದು ಟೀವಿ ಇತ್ತು. ರಾಕೆಟ್ಟು ಹಾರಿಸುವುದನ್ನು ತೋರಿಸುವಾಗ ಗಿರಾಕಿಗಳು ನಿಂತು ನೋಡುತ್ತಿದ್ದರು, ಅವಳು ಚೀಟಿಯಲ್ಲಿದ್ದ ಮಾತ್ರೆಗಳನ್ನು ಹುಡುಕುತ್ತಿದ್ದಳು.

ನಾನು ಸಾಕ್ಷಿಗಳನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿದೆ, ನನಗೆ ಬಂದ ವಿದ್ಯೆ ಅದೊಂದೇ. ಅಪ್ಪ ಹೇಳಿದರು, ಆ ವಾರ ಫೋನು ಬರುವ ಸಾಧ್ಯತೆಯೇ ಇಲ್ಲ, ಗುತ್ತಿಗಾರಿನ ಹತ್ತಿರ ಮರ ಬಿದ್ದು ತಂತಿ ಕಡಿದಿತ್ತು ಎಂದು. ಮರ ಬಿದ್ದದ್ದು ಅದೇ ವಾರವೋ ಎಂದರೆ ಅವರಿಗೆ ನೆನಪಿಲ್ಲ. ಅಮ್ಮನನ್ನು ಅವಳ ಕೊನೆಯ ವರ್ಷದಲ್ಲಿ ಕೇಳಿದೆ.

“ಫೋನು ಎತ್ತಿದ್ದು ನಾನು. ನೀನು ಶಾಲೆಯಲ್ಲಿದ್ದಿ.”

“ಅವರು ಎಂತ ಹೇಳಿದ್ರು ಅಮ್ಮ?”

“ಎಂತದೋ ಇಂಗ್ಲಿಷಿನಲ್ಲಿ ಹೇಳಿದ್ರು. ನಂಗೆ ಅರ್ಥ ಆಗ್ಲಿಲ್ಲ, ಇಟ್ಟೆ. ನೀನು ಸುಮ್ಮನೆ ತಲೆ ಕೆಡಿಸ್ಕೊಳ್ಬೇಡ. ತಪ್ಪು ಇದ್ರೆ ನಂದು.”

ಇದು ನಿಜವೋ, ಅಥವಾ ಮಗನ ಭಾರ ಇಳಿಸಲು ಒಬ್ಬ ತಾಯಿ ಕಟ್ಟಿದ ಮಾತೋ? ಅಮ್ಮನ ಕೈಯಲ್ಲಿ ಸೌಟಿದ್ದದ್ದು ನನಗೆ ಕಾಣುತ್ತದೆ. ಆದರೆ ನನಗೆ ಕಾಣುವುದಕ್ಕೆ ಏನು ಬೆಲೆ? ಬೆಂಗಳೂರಿನ ಆ ಸಂಸ್ಥೆಗೂ ಬರೆದೆ. ಅಷ್ಟು ಹಳೆಯ ಕಡತಗಳು ಈಗ ಇಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಆ ಗುಂಪಿನ ಯಾವ ಹೆಣ್ಣುಮಗಳೂ ಆಕಾಶಕ್ಕೆ ಹೋದದ್ದು ನಾನು ಎಲ್ಲೂ ಓದಿಲ್ಲ. ಇದನ್ನು ಹೇಳಿ ಸುಮತಿ ನನ್ನನ್ನು ಸಮಾಧಾನ ಮಾಡಲು ನೋಡುತ್ತಾಳೆ, ಹೇಗೂ ಆಗದ ಕೆಲಸ ಎಂದು. ಆದರೆ ಮುಂದಿನ ಹೆಸರಿನವಳು ಆ ಬೆಳಿಗ್ಗೆ ಹತ್ತು ಗಂಟೆಗೆ ಅಲ್ಲಿದ್ದಿರಬೇಕು. ಅವಳಿಗೆ ಅಲ್ಲೇ ಏನಾದರೂ ಕೆಲಸ ಸಿಕ್ಕಿರಬಹುದು, ತನ್ನದೇ ಒಂದು ಮೇಜು, ಬರೆಯಲು ಇದ್ದಿಲಲ್ಲದೆ ಬೇರೆ ಏನಾದರೂ.

ಕೊನೆಗೆ ಅಕ್ಕನನ್ನೇ ಕೇಳಿದೆ. ಕಡಬದ ಅಂಗಡಿಯಲ್ಲಿ, ಗಿರಾಕಿ ಇಲ್ಲದ ಹೊತ್ತಿನಲ್ಲಿ.

“ಅಕ್ಕ, ಆವತ್ತು ಒಂದು ಫೋನು ಬಂದಿತ್ತಲ್ಲ, ನೀನು ಹೊರಗಿದ್ದಾಗ...”

“ಕೋಣೆ ಕೇಳ್ಲಿಕ್ಕೆ ಬಂದದ್ದಲ್ವಾ? ನೀನೇ ಹೇಳಿದ್ದಿಯಲ್ಲ.”

“ಅದು ಕೋಣೆಗೆ ಅಲ್ಲ ಅಕ್ಕ.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಗಾಜಿನ ಮೇಲಿದ್ದ ಧೂಳನ್ನು ಸೆರಗಿನಿಂದ ಒರಸಿದಳು.

“ಆ ಹೊರಗಿನ ಕೋಣೆಗೆ ನಂಗೆ ಎಂತದೂ ಕೇಳ್ತಿರ್ಲಿಲ್ಲ ಮಾರಾಯ. ಎಷ್ಟು ದೂರ! ಗಂಟೆ ಬಡಿದದ್ದು ಮಾತ್ರ ಕೇಳಿತ್ತು. ಬಿಡು. ನಿನ್ನ ಬೀಪಿ ಮಾತ್ರೆ ಮುಗಿದಿರ್ಬೇಕಲ್ಲ, ಕೊಡ್ತೇನೆ ಇರು.”

ಆ ಮಾತನ್ನು ನಾನು ಹನ್ನೊಂದು ವರ್ಷ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅವಳಿಗೆ ಕೇಳಿರಲಿಲ್ಲ. ನಾನು ಮಾಡಿದ್ದು ಏನೇ ಇರಲಿ, ಅವಳು ತನ್ನನ್ನು ಅವರು ಕರೆಯಲೇ ಇಲ್ಲ ಎಂದುಕೊಂಡು ಬದುಕಿದಳು. ಆರಿಸಲಿಲ್ಲ ಎಂಬ ದುಃಖ ಸಣ್ಣದು, ಎಲ್ಲರಿಗೂ ಬರುವಂಥದ್ದು, ಗಲ್ಲೆಯ ಹಿಂದೆ ನಿಂತುಕೊಂಡು ಸಹಿಸಬಹುದಾದ್ದು. ಮೂರು ವರ್ಷದ ಹಿಂದೆ ಅಕ್ಕ ತೀರಿಕೊಂಡಳು. ಅಂಗಡಿಯ ಮುಂದೆ ನಿಂತಿದ್ದ ಒಬ್ಬ ಹಳೆಯ ಗಿರಾಕಿ ನನ್ನ ಕೈ ಹಿಡಿದು, “ಅಕ್ಕ ಮೇಲೆ ಹೋದ್ರಲ್ಲ ಮಾರಾಯ್ರೆ,” ಅಂದರು. ಹೌದು ಅಂದೆ.

ಅಪ್ಪ ಅಮ್ಮ ಹೋದ ಮೇಲೆ ಸುಬ್ರಹ್ಮಣ್ಯದ ಮನೆಯನ್ನು ಪೂಜಾಸಾಮಾನಿನ ವ್ಯಾಪಾರಿಯೊಬ್ಬರು ಗೋದಾಮು ಮಾಡಿಕೊಂಡಿದ್ದರು. ಈ ವರ್ಷ ಅದನ್ನು ಕೆಡವಿ ವಾಹನ ನಿಲ್ಲಿಸುವ ಜಾಗ ಮಾಡುತ್ತಾರೆ ಎಂದು ಗೊತ್ತಾಗಿ, ಕೆಡಹುವ ಮೊದಲು ಒಮ್ಮೆ ನೋಡಿ ಅಳತೆ ತೆಗೆದುಕೊಳ್ಳಬೇಕೆಂದು ಹೋದೆ. ಸುಮತಿಯೂ ಬಂದಳು. ಚಾವಡಿಯಲ್ಲಿ ಊದುಬತ್ತಿಯ ಪೆಟ್ಟಿಗೆಗಳು ಮಾಡಿನವರೆಗೆ ಪೇರಿಸಿದ್ದವು. ಟೇಪು ಹಿಡಿದು ಕೋಣೆಯಿಂದ ಕೋಣೆಗೆ ಅಳೆದು ಕಾಗದದ ಮೇಲೆ ಗೆರೆ ಎಳೆಯುತ್ತಾ ಹೋದೆ. ಅಡುಗೆಮನೆ, ಹಿಂಬಾಗಿಲು, ಬಾವಿಕಟ್ಟೆ, ಬಚ್ಚಲುಕೊಟ್ಟಿಗೆ, ಸೌದೆಯ ಮೂಲೆ, ಹೊರಗಿನ ಕೋಣೆ. ಕೊನೆಯ ಗೆರೆ ಎಳೆದಾಗ ನಕ್ಷೆ ಸರಿಯಾಗಿ ಕೂರಲಿಲ್ಲ. ಎರಡನೆಯ ಸಲ ಅಳೆದೆ. ಆಮೇಲೆ ಅರ್ಥವಾಯಿತು. ಅಷ್ಟೆಲ್ಲ ಬಳಸಿ ಬಂದು ನಾವು ಹೊರಟಲ್ಲಿಗೇ ಮುಟ್ಟುತ್ತಿದ್ದೆವು. ಹೊರಗಿನ ಕೋಣೆಯ ಹಿಂಗೋಡೆಯೂ ಚಾವಡಿಯ ಹಿಂಗೋಡೆಯೂ ಒಂದೇ. ಮಣ್ಣಿನ ಗೋಡೆ, ಮಾಡಿನವರೆಗೆ ಏರಿಲ್ಲ. ಹಂಚಿಗೂ ಅದಕ್ಕೂ ನಡುವೆ ಒಂದು ಮೊಳ ತೆರೆದಿದೆ. ಫೋನಿನ ಮೇಜು ಇದ್ದದ್ದು ಆ ಗೋಡೆಗೆ ತಾಗಿ. ಅಕ್ಕ ಒರಗಿ ಕೂತದ್ದು ಅದೇ ಗೋಡೆಗೆ, ಈ ಬದಿಯಲ್ಲಿ. ಹಾಸನದವರ ಪತ್ರಿಕೆಯ ಸುದ್ದಿ ಅವಳಿಗೆ ಹೇಗೆ ತಿಳಿಯಿತು ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ.

ಆದರೂ ನೋಡಿ ಊಹಿಸಿದ್ದು ಪುರಾವೆಯಲ್ಲ. ಸುಮತಿಯನ್ನು ಚಾವಡಿಯಲ್ಲಿ ಮೇಜಿದ್ದ ಜಾಗದಲ್ಲಿ ನಿಲ್ಲಿಸಿ, ಫೋನಿನಲ್ಲಿ ಮಾತಾಡುವಷ್ಟೇ ಸ್ವರದಲ್ಲಿ ಏನು ಹೇಳಬೇಕೆಂದು ಹೇಳಿಕೊಟ್ಟೆ. ಹಿಂಬಾಗಿಲಿನಿಂದ ಇಳಿದು, ಬಾವಿಕಟ್ಟೆ ಬಳಸಿ, ಬಚ್ಚಲುಕೊಟ್ಟಿಗೆ ಬಳಸಿ ಬಂದೆ. ಹೊರಗಿನ ಕೋಣೆಯ ಗೋಡೆಯ ಮೇಲೆ ಇದ್ದಿಲಿನ ಗೆರೆಗಳು ಏನೂ ಉಳಿದಿರಲಿಲ್ಲ. ಬಾಗಿಲು ಹಾಕಿಕೊಂಡು ಗೋಡೆಗೆ ಒರಗಿ ಕೂತೆ.

“ಅಕ್ಕ ಹೊರಗೆ,” ಅಂದಳು ಸುಮತಿ. “ನಾಳ್ದು ಬರುದು.”

ಆಮೇಲೆ, ನಾನು ಹೇಳಿಕೊಡದೆ ಇದ್ದದ್ದನ್ನು ತಾನೇ ಸೇರಿಸಿದಳು.

“ಕೇಳ್ತದಾ?”

ಬಾಗಿಲು ತೆರೆದಿಟ್ಟು ಒಮ್ಮೆ ಹೇಳಿಸಿದೆ, ಮುಚ್ಚಿ ಒಮ್ಮೆ. ಗೋಡೆಗೆ ಬೆನ್ನು ಕೊಟ್ಟು ಒಮ್ಮೆ, ಎದುರಿನ ಮೂಲೆಯಲ್ಲಿ ಕೂತು ಒಮ್ಮೆ. ಕೊನೆಯ ಸಲ ಸ್ವರ ತಗ್ಗಿಸಿ, ಅಪ್ಪನಿಗೆ ನಾನು ಹೇಳಿದಷ್ಟು ಮೆಲ್ಲಗೆ, “ಕೋಣೆ ಕೇಳ್ಲಿಕ್ಕೆ” ಎಂದು ಹೇಳಿಸಿದೆ. ಐದು ಸಲವೂ ಪ್ರತಿಯೊಂದು ಅಕ್ಷರ ಕೇಳಿಸಿತು.